ಗೇರ್‌ಬಾಕ್ಸಿನ ಕೆಳಗೆ ಒಂದೇ ಏಟು

ನಗುವವರು ಈಗಲೇ ನಕ್ಕುಬಿಡಿ. ನಡುವೆ ನಕ್ಕರೆ ನನಗೆ ಎಳೆ ತಪ್ಪಿಹೋಗುತ್ತದೆ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನನ್ನ ಸ್ವಂತ ದೊಡ್ಡಮ್ಮನ ಮಗನಿಗೆ ಆದದ್ದು. ಅವನು ಕಾರು ರಿಪೇರಿಯವನು. ಸುತ್ತಿಗೆ, ಗ್ರೈಂಡರ್ ಸದ್ದಿನಲ್ಲೇ ವಯಸ್ಸು ಕಳೆದು ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದು ಮನಸ್ಸು ಬಂದಾಗ ಕೇಳಿಸುತ್ತದೆ. ಅದಕ್ಕೇ ಮನೆಯಲ್ಲೆಲ್ಲ ಅವನಿಗೆ ಅರ್ಧಕಿವಿ ಅಂತ ಹೆಸರು. ಹೆಂಡತಿ ಏನಾದರೂ ತರಲು ಹೇಳಿದಾಗ ಮಾತ್ರ ಎರಡೂ ಕಿವಿ ಹೋಗಿರುತ್ತವೆ, ಅದು ಬೇರೆ ವಿಷಯ.

ಆವತ್ತು ಅವನು ಗ್ಯಾರೇಜಿಗೆ ಬೀಗ ಹಾಕಿ ಹೊರಟಾಗ ರಾತ್ರಿ ಬಹಳ ಆಗಿತ್ತು. ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಅವನ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಳೇ ಬಾವಿ ಸಿಗುತ್ತದೆ. ನೀರು ಬತ್ತಿ ಎಷ್ಟೋ ಕಾಲವಾಯಿತು. ಯಾರೂ ಬೀಳದಿರಲಿ ಎಂದು ಬಾಯಿಗೆ ದಪ್ಪ ಕಬ್ಬಿಣದ ತಗಡು ಹೊದಿಸಿದ್ದಾರೆ. ಅರ್ಧಕಿವಿ ಆವತ್ತು ಸ್ವಲ್ಪ ಹಗುರಾಗಿಯೇ ನಡೆಯುತ್ತಿದ್ದ. ಅವನ ಒಡಹುಟ್ಟಿದ ಅಕ್ಕನ ಕಾರು ರಿಪೇರಿ ಮುಗಿದಿತ್ತು. ಬೆಳಕು ಹರಿಯುವ ಮುಂಚೆಯೇ ಬಂದು ತಗೊಂಡು ಹೋಗು ಎಂದು ಅವಳಿಗೆ ಹೇಳಿಯೂ ಆಗಿತ್ತು.

ಬಾವಿಯ ಪಕ್ಕಕ್ಕೆ ಬಂದ. ಆಗ ಯಾಕೋ ಒಂದು ಅನುಮಾನ ಚುಚ್ಚಿತು... ಗೇರ್‌ಬಾಕ್ಸನ್ನು ಬಿಸಿಯಲ್ಲಿ ನೋಡಿದೆನಾ?

ನೋಡಿರಲಿಲ್ಲ. ತಣ್ಣಗಿದ್ದಾಗಷ್ಟೇ ನೋಡಿದ್ದ.

ಆಗಲೇ ಬಾವಿಯ ತಗಡಿನ ಕೆಳಗಿನಿಂದ ಸದ್ದು ಬಂತು. ಟಣ್... ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಒಂದೇ ಸಲ. ಗುಡುಗಿದರೂ ಅರೆಬರೆ ಕೇಳುವ ಆ ಕಿವಿಗೆ ಇದು ಸ್ಪಷ್ಟವಾಗಿ ಕೇಳಿಸಿತು.

ರಾತ್ರಿಯ ಚಳಿಗೆ ತಗಡು ಸೆಟೆದಿರಬೇಕು ಎಂದುಕೊಂಡ. ಆದರೆ ವಿಚಿತ್ರ ನೋಡಿ, ಆ ಸದ್ದು ಕೇಳಿದ ಕೂಡಲೇ ಅವನ ಮನಸ್ಸು ನಿರಾಳವಾಯಿತು. ಎಲ್ಲ ಸರಿಯಾಗಿದೆ, ಮನೆಗೆ ಹೋಗಿ ಮಲಗು ಎಂದು ಯಾರೋ ಬೆನ್ನು ತಟ್ಟಿದಂತಾಯಿತು. ಸ್ವಲ್ಪ ದೂರ ಹೋದ. ಹೋಗುತ್ತಾ ಹೋಗುತ್ತಾ ಆ ನಿರಾಳವೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಯಾಕೆ ಅಂದರೆ, ಅದಕ್ಕೆ ಭಾವನ ವಿಷಯ ಹೇಳಬೇಕು.

ಅಕ್ಕನ ಗಂಡ ನಮಗೆಲ್ಲ ಭಾವ. ಅವರೂ ಅರ್ಧಕಿವಿಯೂ ಸೇರಿಯೇ ಆ ಗ್ಯಾರೇಜು ನಡೆಸುತ್ತಿದ್ದರು. ಕ್ಲಚ್ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಕಾರು ಕೆಟ್ಟರೆ ಜನ ಹುಡುಕಿಕೊಂಡು ಬರುವುದು ಇವರ ಹತ್ತಿರವೇ. ಅಂಥ ಗೇರ್‌ಬಾಕ್ಸಿನ ಹೊಟ್ಟೆಯೊಳಗೆ, ಎಣ್ಣೆಯಲ್ಲಿ ಮುಳುಗಿಕೊಂಡು ಸೊಲೆನಾಯ್ಡ್ ಎನ್ನುವ ಬೆರಳುದ್ದದ ಸಾಮಾನು ಕೆಲವು ಇರುತ್ತವೆ. ಸುತ್ತ ತಾಮ್ರದ ತಂತಿ, ನಡುವೆ ಒಂದು ಕಡ್ಡಿ. ಕರೆಂಟ್ ಬಂದರೆ ಕಡ್ಡಿ ಟಿಕ್ ಎಂದು ಸರಿದು ಎಣ್ಣೆಗೆ ದಾರಿ ಬಿಡುತ್ತದೆ, ಗೇರು ಬದಲಾಗುತ್ತದೆ. ಕಡ್ಡಿ ಸರಿಯದಿದ್ದರೆ ಗೇರು ಇಲ್ಲ. ಇಷ್ಟೇ ಅದರ ಮರ್ಮ.

ಈ ಟಿಕ್ ಎಂಬ ಸದ್ದನ್ನು ಭಾವ ಕಿವಿಯಲ್ಲೇ ಹಿಡಿಯುತ್ತಿದ್ದರು. ಗ್ಯಾರೇಜಿನ ನಡುವೆ ಒಂದು ಉದ್ದನೆಯ ಪಿಟ್ ಇತ್ತು, ಆಳೆತ್ತರದ ಗುಂಡಿ. ಅದರ ಮೇಲೆ ಕಾರು ನಿಲ್ಲಿಸಿ ಭಾವ ಕೆಳಗಿಳಿಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಯ ಮೂಳೆಗೆ ಒತ್ತಿ ನಿಲ್ಲುವರು. ಅರ್ಧಕಿವಿ ಮೇಲೆ ಬಾನೆಟ್ ಹತ್ತಿರ ನಿಂತು, ಒಂದೊಂದೇ ಸೊಲೆನಾಯ್ಡಿಗೆ ಬ್ಯಾಟರಿಯಿಂದ ಕರೆಂಟ್ ಮುಟ್ಟಿಸುವನು. ಕೂಗಿ ಹೇಳಿದರೆ ಇವನಿಗೆ ಕೇಳಬೇಕಲ್ಲ? ಅದಕ್ಕೇ ಭಾವ ಪಿಟ್‌ನ ಕಬ್ಬಿಣದ ಏಣಿಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದರು. ಒಂದು ಏಟು ಬಡಿದರೆ ಸರಿಯಾಗಿದೆ. ಎರಡು ಬಡಿದರೆ ಕೆಟ್ಟಿದೆ. ಟಿಕ್ ಕೇಳಿಸದೆ ಒಂದು ಏಟು ಬಡಿದವರಲ್ಲ ಭಾವ. ಸಂಶಯ ಬಂದರೆ ಸುಮ್ಮನಿರುತ್ತಿದ್ದರು, ಇವನು ಮತ್ತೆ ಕರೆಂಟ್ ಕೊಡಬೇಕು.

ಭಾವ ತೀರಿಕೊಂಡದ್ದೂ ಆ ಪಿಟ್‌ನಲ್ಲೇ. ಹಾಡಹಗಲು. ಇವನು ಮೇಲಿಂದ ಕರೆಂಟ್ ಕೊಟ್ಟ. ಕೆಳಗಿನಿಂದ ಸದ್ದಿಲ್ಲ. ಮತ್ತೆ ಕೊಟ್ಟ. ಸದ್ದಿಲ್ಲ. ಏನ್ ಭಾವ, ನಿದ್ದೆ ಹೋದ್ರಾ ಎಂದು ನಗುತ್ತಾ ಬಗ್ಗಿ ನೋಡಿದರೆ ಅವರು ಗೋಡೆಗೆ ಒರಗಿ ಕೂತಿದ್ದರು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಎದೆಬಡಿತ ನಿಂತುಹೋಗಿತ್ತು. ತಾನು ನಕ್ಕ ಆ ನಗು ಅರ್ಧಕಿವಿಗೆ ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ಅಂದಿನಿಂದ ಅವನು ಪಿಟ್‌ಗೆ ಇಳಿದಿರಲಿಲ್ಲ. ಅದರ ಬಾಯಿಗೆ ಹಲಗೆ ಮುಚ್ಚಿ, ಮೇಲಿಂದ ಆಗುವ ಕೆಲಸ ಮಾತ್ರ ಮಾಡುತ್ತಿದ್ದ. ಸೊಲೆನಾಯ್ಡ್ ನೋಡಬೇಕಾದರೆ ತಂತಿ ಅಳೆಯುವ ಮೀಟರ್ ಹಿಡಿಯುವುದು, ಅದು ಹೇಳಿದ್ದೇ ವೇದವಾಕ್ಯ.

ಅಕ್ಕ ಗಟ್ಟಿಗಿತ್ತಿ. ಅತ್ತು ಮುಗಿಸಿ, ಗಂಡನ ಕಾರಿನ ಕೀಲಿ ಕೈಗೆ ತಗೊಂಡಳು. ನಮ್ಮೂರು ಬೆಟ್ಟದ ಮೇಲೆ, ದೊಡ್ಡಾಸ್ಪತ್ರೆ ತಪ್ಪಲಲ್ಲಿ. ಡಯಾಲಿಸಿಸ್‌ಗೆ ಹೋಗಬೇಕಾದ ರೋಗಿಗಳನ್ನು ಬೆಳಗಿನ ಜಾವ ಕೂರಿಸಿಕೊಂಡು ಇಳಿಯುವುದು, ಸಂಜೆ ಹತ್ತಿಸಿಕೊಂಡು ಬರುವುದು, ಅದೇ ಅವಳ ದುಡಿಮೆ. ಆ ವಾರ ಇಳಿಜಾರಿನಲ್ಲಿ ಕಾರು ಕೈಕೊಟ್ಟಿತ್ತು. ಅರ್ಧ ದಾರಿಯಲ್ಲಿ ಗೇರು ಹಿಡಿತ ಬಿಟ್ಟು ಗಾಡಿ ಹಗುರಾಗಿ ಓಡತೊಡಗಿತು. ಬ್ರೇಕ್ ಒತ್ತಿ ಒತ್ತಿ ಹೊಗೆ ಬಂತು. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ದಿಬ್ಬಕ್ಕೆ ಉಜ್ಜಿ ನಿಲ್ಲಿಸಿದ್ದಳು. ಇನ್ನೊಂದು ಪಕ್ಕಕ್ಕೆ ತಿರುಗಿಸಿದ್ದರೆ ಕೆಳಗೆ ಬರೀ ಗಾಳಿ. ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದ ಹಾಗೆ ಮತ್ತೆ ನೆಟ್ಟಗೆ ಓಡಿತಂತೆ.

ಕಾರಿಗೆ ದೋಷ ಹುಡುಕುವ ಸ್ಕ್ಯಾನರ್ ಹಚ್ಚಿದರೆ ಅದು ಎರಡನೇ ಸೊಲೆನಾಯ್ಡಿನ ಮೇಲೆ ಬೆರಳು ತೋರಿಸಿತು. ಅರ್ಧಕಿವಿ ಮೀಟರ್ ಹಿಡಿದ. ಎಲ್ಲಾ ಸೊಲೆನಾಯ್ಡುಗಳೂ ಒಂದೇ ಅಳತೆ ತೋರಿಸಿದವು, ತಂತಿ ಎಲ್ಲೂ ಕಡಿದಿಲ್ಲ. ವೈರುಗಳು ಸೇರುವ ಕನೆಕ್ಟರಿನ ಒಂದು ಪಿನ್ನಿನ ಮೇಲೆ ಹಸಿರು ಕಿಲುಬು ಕಂಡಿತು. ಕಳ್ಳ ಸಿಕ್ಕಿದ ಎಂದು ಕಿಲುಬು ಉಜ್ಜಿ, ಸ್ಕ್ಯಾನರಿನಲ್ಲಿ ಫಾಲ್ಟ್ ಅಳಿಸಿ, ಮಟ್ಟಸವಾದ ಬೀದಿಯಲ್ಲಿ ಒಂದು ಸುತ್ತು ಹೊಡೆದು, ಮುಗಿಯಿತು ಎಂದ. ಮೀಟರ್ ನೋಡುವುದು ತಂತಿಯನ್ನು. ಕಡ್ಡಿ ಸರಿಯುತ್ತದೋ ಇಲ್ಲವೋ ಅದಕ್ಕೇನು ಗೊತ್ತು? ಬಿಸಿ ಎಣ್ಣೆಯಲ್ಲಿ ಕಡ್ಡಿ ಸಿಕ್ಕಿಕೊಂಡರೆ ಅದನ್ನು ಪತ್ತೆ ಮಾಡಲು ಕಿವಿಯೇ ಬೇಕು. ಇದು ಅರ್ಧಕಿವಿಗೆ ಗೊತ್ತಿಲ್ಲದ ವಿಷಯ ಅಲ್ಲವೇ ಅಲ್ಲ. ಪಿಟ್‌ಗೆ ಇಳಿಯಬೇಕಾಗುತ್ತದೆ ಎಂದು ಮನಸ್ಸೇ ಮರೆಸಿತ್ತು.

ಬಾವಿಯಿಂದ ಬಂದದ್ದೂ ಭಾವನ ಹಾಗೆ ಒಂದೇ ಏಟು. ಹಾಗಾಗಿ ಬಾವಿ ದಾಟಿದವನು ವಾಪಸ್ ತಿರುಗಿದ. ಬಾವಿಯ ಹತ್ತಿರ ಬರುವಾಗ ಓಡಿದ ಅಂತಲೇ ಹೇಳಬೇಕು. ತಗಡು ಸುಮ್ಮನಿತ್ತು.

ಗ್ಯಾರೇಜಿನ ಷಟರ್ ಎತ್ತಿದ. ಗರ್ರ್... ಟ್ಯೂಬ್‌ಲೈಟು ಝುಂಯ್ ಎನ್ನುತ್ತಾ ಹೊತ್ತಿಕೊಂಡಿತು. ಅಕ್ಕನ ಕಾರು ಪಿಟ್‌ನ ಹಲಗೆಗಳ ಮೇಲೇ ನಿಂತಿತ್ತು. ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಓಡಿಸಿ, ಬ್ರೇಕ್ ತುಳಿದು ಗೇರಿಗೆ ಹಾಕಿ ಗೇರ್‌ಬಾಕ್ಸ್ ಬಿಸಿಯೇರುವ ತನಕ ಕೂತ. ಆಮೇಲೆ ಎಂಜಿನ್ ಆಫ್ ಮಾಡಿದ. ಬಿಸಿ ಲೋಹ ಚಿಟ್... ಚಿಟ್... ಎನ್ನುತ್ತಾ ಆರತೊಡಗಿತು. ಬಾನೆಟ್ ಎತ್ತಿ, ಕನೆಕ್ಟರ್ ಬಿಚ್ಚಿ, ಮೀಟರ್ ಹಿಡಿದ. ಎಲ್ಲ ಸರಿ. ಬ್ಯಾಟರಿಯಿಂದ ವೈರು ತಂದು ಮೊದಲನೆಯದಕ್ಕೆ ಮುಟ್ಟಿಸಿದ. ಸಣ್ಣ ಕಿಡಿ ಹಾರಿತು. ಟಿಕ್ ಅಂತೋ ಇಲ್ಲವೋ ಆ ಕಿವಿಗೆ ಎಲ್ಲಿ ತಿಳಿಯಬೇಕು. ವರ್ಷಗಳ ಅಭ್ಯಾಸ ನೋಡಿ, ಬಾಯಿ ತಾನಾಗಿ ಅಂದುಬಿಟ್ಟಿತು.

"ಭಾವ... ಒಂದನೇದು."

ಟಣ್.

ಕೆಳಗಿನಿಂದ. ಪಿಟ್‌ನ ಏಣಿಯಿಂದ. ಒಂದು ಏಟು.

ಅವನ ಕೈಯಲ್ಲಿದ್ದ ವೈರು ಹಾಗೇ ನಿಂತಿತು. ಓಡಬೇಕಿತ್ತು. ನೀವು ನಾನಾದರೆ ಚಪ್ಪಲಿ ಬಿಟ್ಟು ಓಡುತ್ತಿದ್ದೆವು. ಅವನು ಅತ್ತ. ಹೌದು ಸ್ವಾಮಿ, ಮಗುವಿನ ಹಾಗೆ ಅತ್ತ. ಆ ಏಟು ಭಾವನದೇ. ಗಟ್ಟಿಯಾಗಿ ಬಡಿದು ಕೂಡಲೇ ಸ್ಪ್ಯಾನರ್ ಒತ್ತಿ ಹಿಡಿಯುತ್ತಿದ್ದರು, ಸದ್ದು ಎಳೆಯದೆ ತುಂಡಾಗುತ್ತಿತ್ತು. ಹಾಗೇ ತುಂಡಾಯಿತು. ಅಕ್ಕನ ಕಾರು ಅಂತ ಬಂದಿದ್ದಾರೆ, ತಾನು ತಪ್ಪಬಾರದು ಅಂತ ಬಂದಿದ್ದಾರೆ ಎಂದುಕೊಂಡ. ಕಣ್ಣೊರೆಸಿಕೊಂಡು ಎರಡನೆಯದಕ್ಕೆ ಮುಟ್ಟಿಸಿದ.

"ಎರಡನೇದು, ಭಾವ."

ಟಣ್.

ಒಂದೇ. ಮೂರನೆಯದಕ್ಕೂ ಒಂದೇ. ಎಲ್ಲ ಸರಿಯಾಗಿದೆ. ನಾಳೆ ಅಕ್ಕ ನೆಮ್ಮದಿಯಾಗಿ ಇಳಿಯಬಹುದು. ಅರ್ಧಕಿವಿ ಬಾನೆಟ್ಟಿಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತ. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಯಿತು.

ವೈರು ಸುತ್ತಿಡಬೇಕು... ಆಗ ಕೈ ತಡೆಯಿತು. ಭಾವ ಅವನಿಗೆ ಮೊದಲು ಕಲಿಸಿದ ಪಾಠ ಒಂದಿತ್ತು. ಯಾವ ಮೀಟರನ್ನೂ ನಂಬುವ ಮುಂಚೆ ಅದನ್ನೇ ಪರೀಕ್ಷೆ ಮಾಡು. ಮೀಟರಿನ ಎರಡು ತುದಿ ಒಂದಕ್ಕೊಂದು ಮುಟ್ಟಿಸಿ ನೋಡು, ದೂರ ಹಿಡಿದು ನೋಡು. ಏನೂ ಇಲ್ಲದ ಕಡೆಯೂ ಏನೋ ಇದೆ ಎಂದು ತೋರಿಸುವ ಮೀಟರನ್ನು ಕಸದ ಬುಟ್ಟಿಗೆ ಹಾಕು. ಪಾಠ ಕಲಿಸಿದವರ ಮೇಲೇ ಅದನ್ನು ಪ್ರಯೋಗ ಮಾಡಲು ಅವನಿಗೆ ಸಂಕೋಚವಾಯಿತು. ಆದರೂ ಮಾಡಿದ. ವೈರಿನ ತುದಿಯನ್ನು ಗಾಳಿಯಲ್ಲಿ ಹಿಡಿದ. ಯಾವುದಕ್ಕೂ ಮುಟ್ಟಿಸಲಿಲ್ಲ. ಮೆಲ್ಲಗೆ ಹೇಳಿದ.

"ಎರಡನೇದು..."

ಟಣ್.

ಅವನು ವೈರನ್ನು ಬ್ಯಾಟರಿಯಿಂದಲೇ ಕಿತ್ತು ನೆಲಕ್ಕೆ ಹಾಕಿದ.

"ಭಾವ... ಕರೆಂಟೇ ಕೊಟ್ಟಿಲ್ಲ."

ಟ್ಯೂಬ್‌ಲೈಟಿನ ಝುಂಯ್... ಎಣ್ಣೆ ಎಲ್ಲೋ ತೊಟ್ಟಿಕ್ಕುವ ತಪ್... ತಪ್... ಆಮೇಲೆ ಕೆಳಗಿನಿಂದ, ಇವನು ನಂಬರ್ ಹೇಳದೆಯೇ...

ಟಣ್.

ಬಹಳ ಹೊತ್ತು ಬಿಟ್ಟು ಮತ್ತೆ, ಟಣ್. ಮತ್ತೆ ಅಷ್ಟೇ ಹೊತ್ತು ಬಿಟ್ಟು, ಟಣ್. ಸರಿಯಾಗಿದೆ. ಸರಿಯಾಗಿದೆ. ಕಳಿಸಿಕೊಡು.

ಕೇಳಿಸದೆ ಬಡಿದವರಲ್ಲ ಭಾವ. ಹಾಗಾದರೆ ಕೆಳಗಿರುವುದು ಯಾರು? ಭಾವನೇ ಆಗಿದ್ದರೆ, ಅಕ್ಕ ಆ ಕಾರಿನಲ್ಲಿ ಆ ಇಳಿಜಾರು ಇಳಿಯಲಿ ಎಂದು ಅವರಿಗೆ ಯಾಕಿಷ್ಟು ಅವಸರ? ಬದುಕಿದ್ದಾಗ ಅವಳನ್ನು ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗದ ಮನುಷ್ಯ ಅವರು. ಅದನ್ನೇ ಹೇಳಿ ನಾವೆಲ್ಲ ಎಷ್ಟು ತಮಾಷೆ ಮಾಡುತ್ತಿದ್ದೆವು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರ್ ಎಂದಿತು. ನೋಡಿದರೆ ಅಕ್ಕ. ನಿದ್ದೆ ಬರುತ್ತಿಲ್ಲವಂತೆ, ಆಗಲೇ ಎದ್ದು ಮುಖ ತೊಳೆದು ಕೂತಿದ್ದಾಳಂತೆ. ಪಕ್ಕದ ಬೀದಿಯ ಟೀಚರಮ್ಮನನ್ನು ಕರೆದುಕೊಂಡು ಹೋಗಬೇಕು, ಆಯಮ್ಮ ಒಂದು ಸರದಿ ತಪ್ಪಿಸಿದರೆ ಕಾಲು ಊದಿಕೊಳ್ಳುತ್ತೆ, ಈಗಲೇ ಬಂದು ಗಾಡಿ ತಗೊಂಡುಬಿಡಲಾ ಎಂದು ಕೇಳಿದಳು. ಅರ್ಧಕಿವಿಯ ಕಣ್ಣು ಪಿಟ್‌ನ ಹಲಗೆಗಳ ಮೇಲೇ ಇತ್ತು.

"ಲೋ, ಗಾಡಿ ಸರಿಯಾಯ್ತೋ ಇಲ್ವೋ?" ಎಂದಳು ಅಕ್ಕ.

ಟಣ್.

"ಯಾರೋ ಅದು? ಯಾರಿದಾರೆ ಅಲ್ಲಿ ಈ ಹೊತ್ತಲ್ಲಿ?"

"ಬೆಕ್ಕು."

"ಬೆಕ್ಕಿನ ಕೈಗೆ ಸ್ಪ್ಯಾನರ್ ಕೊಟ್ಟಿದೀಯಾ?"

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಆವತ್ತು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ಗಾಡಿ ಸರಿಯಿಲ್ಲ, ಕೊಡುವುದಿಲ್ಲ ಎಂದ. ಟೀಚರಮ್ಮನಿಗೆ ಟ್ಯಾಕ್ಸಿಯವನನ್ನು ಕಳಿಸುತ್ತೇನೆ, ನೀನು ಮನೆ ಬಿಟ್ಟು ಹೊರಗೆ ಬರಬೇಡ, ಬೆಳಕಾಗುವ ತನಕ ಈ ಕಡೆ ಕಾಲಿಡಬೇಡ ಎಂದ. ಅಕ್ಕನಿಗೆ ರೇಗಿತು. ಸಂಜೆ ಆಯಿತು ಎಂದವನು ಈಗ ಇಲ್ಲ ಎಂದರೆ ಏನರ್ಥ ಎಂದು ಚೆನ್ನಾಗಿ ಬೈದು ಫೋನಿಟ್ಟಳು.

ಬೈಗುಳ ಮುಗಿಯಿತು. ಗ್ಯಾರೇಜು ತಣ್ಣಗಾಯಿತು. ಕೆಳಗೆ ಈಗ ಏಟಿಲ್ಲ. ಯಾರೋ ಮೇಲಕ್ಕೆ ಕಿವಿಗೊಟ್ಟು ಕೂತಂಥ ಮೌನ.

ಬೀಗ ಹಾಕಿ ಹೋಗಿಬಿಡಬಹುದಿತ್ತು. ಆದರೆ ಇವತ್ತು ಕೊಡದಿದ್ದರೆ ನಾಳೆ, ನಾಳೆ ಅಲ್ಲದಿದ್ದರೆ ನಾಡಿದ್ದು ಅಕ್ಕ ಬಂದು ಕೀಲಿ ಕಿತ್ತುಕೊಂಡು ಹೋಗುವವಳೇ. ದೋಷ ಕಾರಿನೊಳಗೇ ಕೂತಿರುತ್ತದೆ. ಅದನ್ನು ತೆಗೆಯಬೇಕಾದರೆ ಕೆಳಗಿನಿಂದಲೇ ತೆಗೆಯಬೇಕು. ಅರ್ಧಕಿವಿ ಬ್ಯಾಟರಿಯಿಂದಲೂ ಕನೆಕ್ಟರಿನ ಒಂದೊಂದು ಪಿನ್ನಿನಿಂದಲೂ ಉದ್ದನೆಯ ವೈರು ಸಿಕ್ಕಿಸಿ ಪಿಟ್‌ಗೆ ಇಳಿಬಿಟ್ಟ. ಕೈದೀಪ, ಸ್ಕ್ರೂಡ್ರೈವರ್ ತಗೊಂಡ. ಕಾರಿನ ಹಿಂದಿದ್ದ ಕೊನೆಯ ಹಲಗೆ ಸರಿಸಿದ. ಒಳಗಿನಿಂದ ಹಳೇ ಎಣ್ಣೆಯ ವಾಸನೆ ಬಂತು. ಇಳಿದ ಹಾಗೆ ಏಣಿಯ ಮೆಟ್ಟಿಲು ಕಿರ್... ಕಿರ್... ಎಂದವು.

ಕೆಳಗೆ ಯಾರೂ ಇರಲಿಲ್ಲ. ಸಿಮೆಂಟಿನ ಗೋಡೆ, ಜೇಡರ ಬಲೆ, ಒಂದು ಹಳೇ ಗೋಣಿಚೀಲ. ಅಷ್ಟೇ.

ಗೇರ್‌ಬಾಕ್ಸಿನ ಅಡಿಯ ಹಲಗೆಯನ್ನು ಒಳಗಿನಿಂದ ಸರಿಸಿ, ಸ್ಕ್ರೂಡ್ರೈವರನ್ನು ಗೇರ್‌ಬಾಕ್ಸಿಗೆ ಒತ್ತಿ, ಇದ್ದ ಅರ್ಧ ಕಿವಿಯನ್ನು ಹಿಡಿಗೆ ಒತ್ತಿದ. ಒಂದನೆಯದಕ್ಕೆ ಕರೆಂಟ್ ಮುಟ್ಟಿಸಿದ. ಟಿಕ್. ಮೂಳೆಯ ಮೂಲಕ ಸಣ್ಣಗೆ ಕೇಳಿತು. ಎರಡನೆಯದು... ಏನೂ ಇಲ್ಲ. ಮತ್ತೆ ಮುಟ್ಟಿಸಿದ. ಏನೂ ಇಲ್ಲ. ಉಸಿರು ಬಿಗಿಹಿಡಿದು ಮೂರನೇ ಸಲ ಮುಟ್ಟಿಸಿದ.

ಟಣ್.

ಏಣಿಯಿಂದ ಬರಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯೊಳಗಿಂದ, ನೇರ ಅವನ ಕಿವಿಯ ಮೂಳೆಗೆ.

ಅವನು ಹಿಂದಕ್ಕೆ ಬಿದ್ದ. ಎದ್ದ. ಓಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಭಾವ ಕೂತಿದ್ದ ಜಾಗದ ಕಡೆ ನೋಡುತ್ತಾ, ಪಿಸುದನಿಯಲ್ಲಿ ಹೇಳಿದ.

"ಭಾವ, ಅಕ್ಕನ ನಂಬಿಕೊಂಡು ಜನ ಇದಾರೆ. ಅವಳಿಗೂ ಇನ್ನೂ ಬದುಕೋ ಆಸೆ ಇದೆ. ಈಗಲೇ ಕರೀಬೇಡಿ."

ಅವನು ಬೋಲ್ಟು ಬಿಚ್ಚತೊಡಗಿದ. ಬಿಸಿ ಎಣ್ಣೆ ಮೊಣಕೈ ತನಕ ಸುರಿದು ಚರ್ಮ ಸುಟ್ಟಿತು, ಅದರ ಕಲೆ ಈಗಲೂ ಇದೆ. ಗೇರ್‌ಬಾಕ್ಸಿನ ಅಡಿಯ ಎಣ್ಣೆತಟ್ಟೆ ಇಳಿಸಿ, ಎರಡನೇ ಸೊಲೆನಾಯ್ಡ್ ಕಿತ್ತು ದೀಪಕ್ಕೆ ಹಿಡಿದ. ಕಡ್ಡಿಯ ಸುತ್ತ ಕಪ್ಪು ಲೋಹದ ಪುಡಿ ಮೆತ್ತಿತ್ತು. ಬೆರಳಲ್ಲಿ ಒತ್ತಿದರೆ ಅಲುಗಾಡಲಿಲ್ಲ. ಮೀಟರ್ ಹಿಡಿದರೆ ಆಗಲೂ ಸರಿಯಾಗಿದೆ ಎಂದೇ ತೋರಿಸುತ್ತಿತ್ತು. ಗ್ಯಾರೇಜಿನಲ್ಲೇ ಇದ್ದ ಹೊಸದನ್ನು ಹಾಕಿ, ಹೊಸ ಎಣ್ಣೆ ತುಂಬಿ, ಬೆಳಕಾದ ಮೇಲೆ ತಾನೇ ಆ ಇಳಿಜಾರನ್ನು ಇಳಿದು ಹತ್ತಿ ಬಂದ. ಗೇರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಬಿದ್ದಿತಂತೆ. ಅದೇ ವಾರ ಪಿಟ್‌ಗೆ ಕಲ್ಲು ಮಣ್ಣು ತುಂಬಿಸಿ ಕಾಂಕ್ರೀಟ್ ಹಾಕಿಸಿಬಿಟ್ಟ.

ಅಕ್ಕನಿಗೆ ಈ ಯಾವುದನ್ನೂ ಅವನು ಹೇಳಿಲ್ಲ. ನೀವೂ ಹೇಳಬೇಡಿ. ಸತ್ತ ಗಂಡನ ಮೇಲೆ ಅವಳಿಗಿರುವ ಪ್ರೀತಿ ಹಾಗೇ ಇರಲಿ. ನನಗೆ ಹೇಳಿದ್ದೂ ಆ ಸುಟ್ಟ ಕಲೆ ಏನು ಎಂದು ನಾನು ಬೆನ್ನು ಹತ್ತಿ ಕೇಳಿದ್ದಕ್ಕೆ.

ನಾನೂ ನಂಬಿರಲಿಲ್ಲ. ಹೋದ ತಿಂಗಳು ನನಗೆ ಆಸ್ಪತ್ರೆಯಲ್ಲಿ ಕೆಲಸವಿತ್ತು, ಅಕ್ಕನ ಕಾರಿನಲ್ಲೇ ಹೋದೆ. ಹಿಂದಿನ ಸೀಟಿನಲ್ಲಿ ಟೀಚರಮ್ಮನೂ ನಾನೂ. ಮುಂದೆ ಅಕ್ಕ ಒಬ್ಬಳೇ, ಅವಳ ಪಕ್ಕದ ಸೀಟು ಖಾಲಿ. ಒಂದು ಚೀಲವೂ ಇರಲಿಲ್ಲ. ಊರು ದಾಟಿ ಇಳಿಜಾರು ಶುರುವಾಯಿತು. ಟಿಂಗ್... ಟಿಂಗ್... ಟಿಂಗ್... ಬೆಲ್ಟ್ ಹಾಕದೆ ಯಾರಾದರೂ ಮುಂದಿನ ಸೀಟಿನಲ್ಲಿ ಕೂತರೆ ಕಾರು ಹಾಗೆ ಕೂಗಿಕೊಳ್ಳುತ್ತದಲ್ಲ, ಅದು. ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಕೈ ಚಾಚಿ, ಖಾಲಿ ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಿದಳು. ಟಕ್. ಕೂಗು ನಿಂತಿತು. ಟೀಚರಮ್ಮನಿಗೆ ಅದು ಮಾಮೂಲಿ ಇರಬೇಕು, ಕಣ್ಣು ಮುಚ್ಚಿಕೊಂಡೇ ಇದ್ದರು.

ವಾಪಸ್ ಬಂದು ಅರ್ಧಕಿವಿಯನ್ನು ಕೇಳಿದೆ. ಆ ಸೀಟಿನಲ್ಲಿ ಕೂತವರ ಭಾರ ಗುರುತಿಸುವ ಸೆನ್ಸರ್ ಬಿಚ್ಚಿ ನೋಡಿದ್ದಾನಂತೆ, ಬದಲಾಯಿಸಿಯೂ ನೋಡಿದ್ದಾನಂತೆ. ಯಾವ ದೋಷವೂ ಇಲ್ಲ. ಬೆಟ್ಟ ಹತ್ತುವಾಗ ಕೂಗುವುದಿಲ್ಲ, ಊರೊಳಗೆ ಕೂಗುವುದಿಲ್ಲ. ಆ ಇಳಿಜಾರು ಇಳಿಯುವಾಗ ಮಾತ್ರ. ನಾನು ಕಿವಿಯಾರೆ ಕೇಳಿದ್ದೇನೆ, ಮತ್ತೆ ನನಗೆ ಎರಡು ಕಿವಿಯೂ ಚೆನ್ನಾಗಿವೆ.